ನಾಲ್ಕೂವರೆ ಗಂಟೆಯ ದಾರಿ

ಮೊದಲ ಪುಟ. ಸೆಪ್ಟೆಂಬರ್ 13, 2013, ಶುಕ್ರವಾರ. ಅಬ್ಬಾಸಿಯಾ, ಕುವೈತ್

ಯಾವ ಡೈರಿ ಪುಸ್ತಕ ತೆಗೆದರೂ ಮೊದಲ ಪುಟ ಖಾಲಿ ಬಿಡುವುದು ನನ್ನ ಕ್ರಮ. ಎಲ್ಲ ಮುಗಿದ ಮೇಲೆ ಒಟ್ಟು ಏನಾಯಿತೆಂದು ಅಲ್ಲಿ ಬರೆಯುತ್ತೇನೆ. ಇವತ್ತು ಕೂತಿದ್ದೇನೆ.

ಮಗಳು ಸಹಲಾಳ ಮದುವೆಯ ಬಾಬ್ತು ಖರ್ಚಾದದ್ದು: ಮುನ್ನೂರು ಜನರ ತುಪ್ಪದನ್ನ, ಅದಕ್ಕೆ ತಕ್ಕಷ್ಟು ಆಡುಗಳು. ಒಂದು ದಿನದ ಹಾಲ್. ವಿಮಾನದಲ್ಲಿ ಎರಡು ಒಳ್ಳೆಯ ಸೀಟು. ಒಂದು ಬಿಳಿ ಅಂಗಿ, ಕಂಕುಳಲ್ಲಿ ಹರಿದದ್ದು. ಸಾಕ್ಷಿಗಳು ನೂರ ಎಂಬತ್ತು ಮಂದಿ, ಇಬ್ಬರು ಸಾಕಿತ್ತು. ಒಬ್ಬ ಅಳಿಯ, ಕೈಗೆ ಬರುವ ಮೊದಲೇ. ಕೌಂಟರಿನ ಮೇಲೆ ತೂಗುತ್ತಿದ್ದ ಬೋರ್ಡು. ಮತ್ತೆ ನನ್ನ ಸ್ವರ, ಅದಿನ್ನೂ ಪೂರ್ತಿ ಬಂದಿಲ್ಲ.

ದಿನಾರಿನ ಲೆಕ್ಕ ಬೇರೆ ಕಡೆ ಉಂಟು. ಇದರ ಮುಂದೆ ಅದು ಏನೂ ಅಲ್ಲ.

ಆಗಸ್ಟ್ 3, ಶನಿವಾರ

ಇಪ್ಪತ್ತೈದನೇ ಉಪವಾಸ. ಹೊರಗೆ ಕಾರಿನ ಬಾಗಿಲು ಮುಟ್ಟಿದರೆ ಕೈಯ ಚರ್ಮ ಅಲ್ಲೇ ಉಳಿಯುವ ಬಿಸಿಲು. ಒಳಗೆ ನನ್ನ ಟಿಕೇಟ್ ಕೌಂಟರಿನ ಮುಂದೆ ಸಂತೆ. ಪೆರ್ನಾಲ್ ಹಬ್ಬಕ್ಕೆ ಊರಿಗೆ ಹೋಗುವವರು, ಶಾಲೆಗೆ ರಜೆಯೆಂದು ಮಕ್ಕಳನ್ನು ಕಳಿಸುವವರು, ಸುಮ್ಮನೆ ಎ.ಸಿ.ಗೆ ನಿಂತವರು.

ಎಲ್ಲರೂ ಒಮ್ಮೆ ತಲೆ ಎತ್ತಿ ನನ್ನ ಬೋರ್ಡು ಓದುತ್ತಾರೆ: ಕುವೈತ್ – ಮಂಗಳೂರು. 3,300 ಕಿಲೋಮೀಟರ್. ನಾಲ್ಕೂವರೆ ಗಂಟೆ. ಅಬ್ಬಾಸಿಯಾದಲ್ಲಿ ಟಿಕೇಟ್ ಮಾರುವವರು ಗಲ್ಲಿಗೆ ಹತ್ತು ಮಂದಿ ಉಂಟು, ಬೋರ್ಡು ಇರುವುದು ಈ ಉಮ್ಮರಬ್ಬನ ಹತ್ತಿರ ಮಾತ್ರ. ದರ ನೋಡಿ ಜನ ಹಿಂದೆ ಸರಿಯುತ್ತಾರೆ. ಗಂಟೆ ನೋಡಿ ಮುಂದೆ ಬರುತ್ತಾರೆ. "ಇಷ್ಟೇನಾ?" ಅಂತಾರೆ. ಅಷ್ಟು ಸಾಕು, ಉಳಿದದ್ದು ನನ್ನ ನಾಲಿಗೆ ನೋಡಿಕೊಳ್ಳುತ್ತದೆ. ತೊಂಬತ್ತರ ಯುದ್ಧದಲ್ಲಿ ಇಲ್ಲಿಂದ ಬಸ್ಸಿನಲ್ಲಿ ಅಮ್ಮಾನಿಗೆ ಹೋಗಿ, ಅಲ್ಲಿ ಡೇರೆಯಲ್ಲಿ ಬಿದ್ದುಕೊಂಡು, ಬೊಂಬಾಯಿಗೆ ಹಾರಿ, ಮನೆಯ ಬಾಗಿಲು ತಟ್ಟುವಾಗ ತಿಂಗಳು ಕಳೆದಿತ್ತು. ಆ ದಾರಿಯಲ್ಲಿ ಬಂದವನಿಗೆ ನಾಲ್ಕೂವರೆ ಗಂಟೆ ಅಂದರೆ ಪಕ್ಕದ ಕೋಣೆ.

ಸಹಲಾಳ ನಿಕಾಹ್ ಆಗಸ್ಟ್ 25, ಭಾನುವಾರ, ಹನ್ನೊಂದೂವರೆಗೆ. ಹುಡುಗ ಸಾಬಿತ್, ಸಲ್ವಾದ ಒಂದು ಸೂಪರ್ ಮಾರ್ಕೆಟಿನಲ್ಲಿ ಲೆಕ್ಕ ಬರೆಯುವವನು. ಕಡಿಮೆ ಮಾತು, ಬೀಡಿ ಸಿಗರೇಟಿಲ್ಲ, ಇಕಾಮಾ, ಇಲ್ಲಿ ಇರುವ ಪರವಾನಗಿ, ಸರಿ ಉಂಟು. ಹೆಂಡತಿಯನ್ನು ಇಲ್ಲಿ ಕರೆಸಿಕೊಳ್ಳುವಷ್ಟು ಸಂಬಳ ಇನ್ನೂ ಆಗಿಲ್ಲ. ಅದಕ್ಕೇನಂತೆ, ಸಹಲಾ ಊರಲ್ಲಿ ಅತ್ತೆಯ ಮನೆಯಲ್ಲಿ ಇರುತ್ತಾಳೆ, ಇವನು ಎರಡು ವರ್ಷಕ್ಕೊಮ್ಮೆ ಹೋಗುತ್ತಾನೆ. ನಾವೆಲ್ಲ ಬದುಕಲಿಲ್ಲವಾ?

ಇಪ್ಪತ್ತೆರಡರ ವಿಮಾನದಲ್ಲಿ ಎರಡು ಸೀಟು ಹಿಡಿದಿಟ್ಟಿದ್ದೇನೆ. ಕಿಟಕಿ ನನಗೆ, ಪಕ್ಕದ್ದು ಅವನಿಗೆ.

ಆಗಸ್ಟ್ 9, ಶುಕ್ರವಾರ

ಇಲ್ಲಿ ನಿನ್ನೆ ಪೆರ್ನಾಲ್, ಊರಲ್ಲಿ ಇವತ್ತು. ಎರಡೂವರೆ ಗಂಟೆ ಮುಂದಿರುವ ಊರಿಗೆ ಹಬ್ಬ ಮಾತ್ರ ಒಂದು ದಿನ ತಡ.

ಹೆಂಡತಿ ಆಚುಮ್ಮಳಿಗೆ ಫೋನ್ ಮಾಡಿ ಟಿಕೇಟಿನ ಸಮಯ ಹೇಳಿದೆ. ಅವಳದ್ದು ಅದೇ ಹಳೆಯ ತಮಾಷೆ. "ರಾತ್ರಿ ಒಂಬತ್ತೂವರೆಗೆ ಬಿಟ್ಟು ಬೆಳಿಗ್ಗೆ ನಾಲ್ಕೂವರೆಗೆ ಇಳಿಯುವುದಲ್ಲ? ಏಳು ಗಂಟೆ ಆಯ್ತು. ವಾಪಸು ಆರಕ್ಕೆ ಬಿಟ್ಟು ಎಂಟಕ್ಕೆ ಮುಟ್ಟುವುದು. ಎರಡೇ ಗಂಟೆ. ನಿಮ್ಮ ವಿಮಾನಕ್ಕೂ ಗೊತ್ತುಂಟು, ಮನೆಗೆ ಬರುವಾಗ ನಿಧಾನ, ಮನೆ ಬಿಡುವಾಗ ಅವಸರ."

"ಅದು ಗಡಿಯಾರದ ವ್ಯತ್ಯಾಸ ಮಾರಾಯ್ತಿ. ನಮ್ಮದು ಎರಡೂವರೆ ಗಂಟೆ ಹಿಂದೆ."

"ಗೊತ್ತುಂಟು. ಇಪ್ಪತ್ತೈದು ವರ್ಷದಿಂದ ಹೇಳ್ತಿದ್ದೀರಿ."

ಮತ್ತೆ ಸಹಲಾ ಫೋನ್ ತಗೊಂಡಳು. "ಬಾಪಾ, ಒಂದು ಮಾತು ಇತ್ತು."

"ಹೇಳು ಮಗಳೇ."

"ಫೋನಲ್ಲಿ ಬೇಡ. ಬಂದ ಮೇಲೆ ಕೂತು ಹೇಳ್ತೇನೆ. ಮದುವೆಗೆ ಎರಡು ದಿನ ಮೊದಲು ಬರ್ತೀರಲ್ಲ?"

"ಎರಡಲ್ಲ, ಮೂರು ಅಂತಲೇ ಹಿಡಿ. ಇಪ್ಪತ್ತಮೂರರ ಬೆಳಗ್ಗಿನ ಚಹಾ ನಿನ್ನ ಕೈಯದ್ದು."

ಬಳೆಯ ವಿಷಯ ಇರಬೇಕು. ನಫೀಸಮ್ಮ, ಹುಡುಗನ ತಾಯಿ, ಹಳೆಯ ಮಾದರಿಯದ್ದು ಮಾಡಿಸಿದ್ದಾರಂತೆ.

ಸಂಜೆ ಸಾಬಿತ್ ಬಂದ, ಸಲ್ವಾದಿಂದ ಒಂದು ಡಬ್ಬಿ ಖರ್ಜೂರ ಹಿಡಿದು. "ಉಮ್ಮರಾಕ" ಅಂದ. "ಮಾವ ಅಂತ ಕರೆ, ನಾಲಿಗೆಗೆ ಅಭ್ಯಾಸ ಆಗಲಿ" ಅಂದೆ. ಕಿವಿ ಕೆಂಪಾಯಿತು. ಮೂರು ಬಟ್ಟಲು ಚಹಾ ಕುಡಿದು, ಒಟ್ಟು ಒಂಬತ್ತು ಮಾತು ಆಡಿ ಹೋದ. ಉಳಿದದ್ದೆಲ್ಲ ನಾನೇ ಆಡಿದೆ.

ಆಗಸ್ಟ್ 13, ಮಂಗಳವಾರ

ವ್ಯಾಪಾರ ಅಂದರೆ ಇದು.

ಬೆಳಿಗ್ಗೆ ರಾಯಪ್ಪ ಬಂದ. ಹುಬ್ಬಳ್ಳಿ ಕಡೆಯವನು, ಫಹಾಹೀಲಿನ ಒಂದು ಕಂಪನಿಯಲ್ಲಿ ಟೆಕ್ನಿಷಿಯನ್, ಅಲ್ಲಿನ ಐವತ್ತು ಮಂದಿ ಕನ್ನಡದವರಿಗೆ ಮುಖಂಡನ ಹಾಗೆ. ಜೊತೆಗೆ ಹೆಂಡತಿ ನೀಲಕ್ಕ, ತುಂಬು ಬಸುರಿ. ಬೋರ್ಡು ನೋಡಿದವನೇ ಶುರು ಮಾಡಿದ.

"ಉಮ್ಮರಣ್ಣ, ಮೊದ್ಲ ಇದನ್ನ ಇಳಸ್ರಿ. ಫಹಾಹೀಲದಿಂದ ನಿಮ್ಮ ಅಂಗಡಿಗೆ ಬರೂದ್ರಾಗ ನಮಗ ಎರಡು ತಾಸು ಆತು."

"ಅದನ್ನೇ ಹೇಳುವುದು ರಾಯಪ್ಪಣ್ಣ. ಇನ್ನೆರಡೂವರೆ ತಾಸು ಹಾಕಿದ್ದರೆ ಮಂಗಳೂರಲ್ಲೇ ಇರ್ತಿದ್ದಿರಿ."

ನೀಲಕ್ಕ ನಕ್ಕಳು, ರಾಯಪ್ಪ ನಗಲಿಲ್ಲ. ವಿಷಯ ಇಷ್ಟು: ಇಪ್ಪತ್ತೆರಡನೇ ತಾರೀಕು ದಾಟಿದರೆ ಇವಳು ವಿಮಾನ ಹತ್ತಬಾರದೆಂದು ಡಾಕ್ಟರು ಬರೆದುಕೊಟ್ಟಿದ್ದಾರೆ. ಬಾಣಂತನಕ್ಕೆ ತವರಿಗೆ ಹೋಗಬೇಕು. ಗೋವಾ ಭರ್ತಿ, ಬೊಂಬಾಯಿ ಭರ್ತಿ, ಮಂಗಳೂರು ಭರ್ತಿ. ಎಲ್ಲ ಕೌಂಟರು ತಿರುಗಿ ಕೊನೆಗೆ ನನ್ನ ಹತ್ತಿರ ಬಂದದ್ದು.

ಇಡೀ ಕುವೈತಿನಲ್ಲಿ ಇಪ್ಪತ್ತೆರಡರ ಎರಡು ಸೀಟು ಇದ್ದದ್ದು ನನ್ನ ಡ್ರಾಯರಿನಲ್ಲಿ.

"ಕಂಪನಿಯ ಐವತ್ತು ಮಂದಿ ಈ ಸಲ ರಜೆಗೆ ಹೋಗುವುದು ಯಾರ ಟಿಕೇಟಿನಲ್ಲಿ?" ಕೇಳಿದೆ.

"ನಿಮ್ಮದರಾಗ ಅಂತ ತಿಳ್ಕೋರಿ" ಅಂದ ರಾಯಪ್ಪ.

ಆಯ್ತು. ನನ್ನನ್ನೂ ಸಾಬಿತ್‌ನನ್ನೂ ಇಪ್ಪತ್ತನಾಲ್ಕರ ವಿಮಾನಕ್ಕೆ ಹಾಕಿದೆ. ಭಾನುವಾರ ಬೆಳಿಗ್ಗೆ ನಾಲ್ಕೂವರೆಗೆ ಮಂಗಳೂರು, ಆರಕ್ಕೆ ಮನೆ, ಹನ್ನೊಂದೂವರೆಗೆ ನಿಕಾಹ್. ಮಧ್ಯದಲ್ಲಿ ಐದೂವರೆ ಗಂಟೆ ಮಿಕ್ಕುತ್ತದೆ. ಒಂದು ಸಣ್ಣ ನಿದ್ದೆಯನ್ನೂ ತೆಗೆಯಬಹುದು.

ಅವು ಮಗಳ ಮದುವೆಗೆ ಹಿಡಿದಿಟ್ಟ ಸೀಟೆಂದು ನೀಲಕ್ಕನಿಗೆ ಹೇಗೋ ಗೊತ್ತಾಯಿತು. ಹೋಗುವಾಗ ಬಾಗಿಲಲ್ಲಿ ತಿರುಗಿ ನಿಂತಳು. "ಅಣ್ಣಾರ, ಮಗಳ ಮದುವಿ ದಿನಾನ ಮುಟ್ಟತೀರೇನು? ನಮ್ಮಪ್ಪ ಹಂಗ ಮಾಡಿದ್ರ ನಾ ತಾಳಿಗೆ ಕೊಳ್ಳ ಕೊಡ್ತಿದ್ದಿಲ್ಲ ನೋಡ್ರಿ."

"ನಾಲ್ಕೂವರೆ ಗಂಟೆ ತಂಗಿ. ಬೋರ್ಡು ನೋಡು."

ಆಗಸ್ಟ್ 14

ಸಹಲಾಳಿಗೆ ಹೇಳಿದೆ. ಸುಮ್ಮನಾದಳು. ಒಪ್ಪಿದಳು ಅಂತ ಲೆಕ್ಕ.

ಆಗಸ್ಟ್ 19, ಸೋಮವಾರ

ಆಚುಮ್ಮ: "ಅವಳು ಸರಿ ಉಣ್ಣುವುದಿಲ್ಲ."

ನಾನು: "ನೀನೂ ನಮ್ಮ ಮದುವೆಗೆ ಮೊದಲು ಉಣ್ಣಲಿಲ್ಲ ಅಂತ ನಿನ್ನ ತಮ್ಮ ಸೈದು ಹೇಳಿದ್ದ."

ಆಚುಮ್ಮ: "ನಾನು ಯಾಕೆ ಉಣ್ಣಲಿಲ್ಲ ಅಂತ ಯಾರೂ ಕೇಳಲಿಲ್ಲ."

ಅಷ್ಟರಲ್ಲಿ ಒಬ್ಬ ಗಿರಾಕಿ ಪಾಸ್‌ಪೋರ್ಟ್ ಮುಂದಿಟ್ಟ. ಮತ್ತೆ ಮಾಡ್ತೇನೆ ಅಂತ ಇಟ್ಟೆ. ಮಾಡಲಿಲ್ಲ. ನನ್ನ ವೀಸಾ, ಅಂಗಡಿ ಎರಡರ ಯಜಮಾನ ಕಫೀಲ್ ಬಂದಿದ್ದ, ನಾಲ್ಕು ದಿನಕ್ಕಿಂತ ಹೆಚ್ಚು ರಜೆ ಇಲ್ಲ ಅಂದ. ನಾಲ್ಕು ಸಾಕು.

ಸೈದುವಿಗೆ ಮಾತ್ರ ಫೋನ್ ಮಾಡಿ ಹಾಲಿನ ಮೈಕ್ ಚೆನ್ನಾಗಿರುವುದನ್ನೇ ತರಿಸು ಅಂದೆ. ನಿಕಾಹ್ ಆದ ಮೇಲೆ ನಾಲ್ಕು ಮಾತು ಆಡಬೇಕು.

ಆಗಸ್ಟ್ 24, ಶನಿವಾರ. ಏರ್‌ಪೋರ್ಟಿನಲ್ಲಿ ಕೂತು

ರಾಯಪ್ಪ ನೀಲಕ್ಕ ನಿನ್ನೆ ಬೆಳಿಗ್ಗೆ ನನ್ನ ಸೀಟಿನಲ್ಲಿ ಸುಖವಾಗಿ ಇಳಿದರಂತೆ. ವಿಮಾನ ಹತ್ತು ನಿಮಿಷ ಮೊದಲೇ ಮುಟ್ಟಿತಂತೆ. ನೋಡಿ, ಬೋರ್ಡಿನಲ್ಲಿ ಬರೆದದ್ದಕ್ಕಿಂತಲೂ ಕಡಿಮೆ.

ಸಾಬಿತ್ ಎದುರು ಕೂತು ಹೊಸ ಬೂಟಿನ ಲೇಸು ಮೂರನೇ ಸಲ ಕಟ್ಟುತ್ತಿದ್ದಾನೆ. "ಮಾವ, ಅವರಿಗೆ ಈ ಮದುವೆ ಇಷ್ಟ ಉಂಟಲ್ಲ?" ಅಂತ ಕೇಳಿದ. ಈಗ ಕೇಳುವ ಪ್ರಶ್ನೆಯಾ ಇದು! ಮೂರು ಸಾವಿರದ ಮುನ್ನೂರು ಕಿಲೋಮೀಟರ್ ಹಾರಿ ಬರುತ್ತಿದ್ದೇವೆ, ಇಷ್ಟ ಇಲ್ಲದೆ ಏನು ಅಂದೆ.

ಬೋರ್ಡಿಂಗ್ ಕರೆದರು.

ಆಗಸ್ಟ್ 25

ಬೇಡ ಅಂದಳು.

ಎಲ್ಲರಿಗೂ ಕೇಳಿತು.

ಆಗಸ್ಟ್ 26, ಸೋಮವಾರ. ಮನೆ

ನಿನ್ನೆ ಎರಡು ಸಾಲಿಗೇ ಪುಸ್ತಕ ಮುಚ್ಚಿದೆ. ಇವತ್ತು ಬರೆಯದಿದ್ದರೆ ಬೇರೆ ಏನು ಮಾಡುವುದೆಂದು ಗೊತ್ತಾಗುವುದಿಲ್ಲ. ಮಾತಾಡೋಣವೆಂದರೆ ಸ್ವರ ಹೊರಡುವುದಿಲ್ಲ. ಆಚುಮ್ಮ ಕಾಳುಮೆಣಸಿನ ಕಷಾಯ ಇಟ್ಟು ಹೋಗಿದ್ದಾಳೆ.

ಮಂಗಳೂರಿನ ಮೇಲೆ ಸರಿಯಾಗಿ ನಾಲ್ಕೂವರೆಗೆ ಬಂದೆವು. ಇಳಿಯಲಿಲ್ಲ. ಕೆಳಗೆ ಬರೀ ಮೋಡ, ಮಳೆ. ಎರಡು ಸುತ್ತು ಹೊಡೆದು ಪೈಲಟ್ ಕೋಝಿಕ್ಕೋಡಿಗೆ ತಿರುಗಿಸಿದ. ಅಲ್ಲಿ ಇಳಿದೆವು, ಬಾಗಿಲು ತೆರೆದರು, ಹೊರಗೆ ಮಾತ್ರ ಬಿಡಲಿಲ್ಲ. ಮಂಗಳೂರಿನಲ್ಲಿ ಮಳೆ ನಿಂತರೆ ಹೊರಡುತ್ತೇವೆ ಅಂದರು. ಮಳೆ ನಿಂತಿತು. ಆಗ ಪೈಲಟಿನ ಡ್ಯೂಟಿ ಮುಗಿಯಿತು ಅಂದರು. ಬೇರೆಯವನು ಬರಬೇಕು, ಮಧ್ಯಾಹ್ನ ಆಗಬಹುದು.

ಮಂಗಳೂರು ಅಲ್ಲಿಂದ ಮುಕ್ಕಾಲು ಗಂಟೆಯ ಹಾರಾಟ. ಇಪ್ಪತ್ತು ವರ್ಷ ಜನರಿಗೆ ಹಾರುವ ಗಂಟೆಯನ್ನೇ ಮಾರಿದ್ದೇನೆ. ನಿಂತ ಗಂಟೆ ಅಂತ ಒಂದು ಉಂಟೆಂದು ಬೋರ್ಡಿನಲ್ಲಿ ಬರೆದಿರಲಿಲ್ಲ.

ಹತ್ತೂವರೆಗೆ ಸೈದುವಿನ ಫೋನ್. "ಭಾವ, ಹಾಲ್ ತುಂಬಿದೆ. ಅನ್ನ ದಮ್ಮಿಗೆ ಇಟ್ಟಾಯ್ತು. ನಿಕಾಹ್ ಓದುವ ಖತೀಬರಿಗೆ ಇನ್ನೊಂದು ಮದುವೆ ಉಂಟಂತೆ, ಎಂತ ಹೇಳುವುದು?"

ಆಗ ನನಗೆ ಹೊಳೆಯಿತು. ನಮ್ಮಲ್ಲಿ ನಿಕಾಹ್ ಅಂದರೆ ಹುಡುಗಿಯ ತಂದೆಯ ಕೈ, ಹುಡುಗನ ಕೈ, ಇಬ್ಬರು ಸಾಕ್ಷಿ. ಹುಡುಗಿ ಎದುರಲ್ಲಿ ಇರಬೇಕೆಂದೇ ಇಲ್ಲ; ಅವಳ ಒಪ್ಪಿಗೆ ಮೊದಲೇ ಕೇಳಿಕೊಂಡು ಬರುತ್ತಾರೆ. ತಲೆ ತಗ್ಗಿಸಿ ಸುಮ್ಮನೆ ಕೂತರೂ ಒಪ್ಪಿಗೆಯೇ, ನಾಚಿಕೆ ಅಂತ. ತಂದೆ ಇಲ್ಲಿದ್ದೇನೆ, ಹುಡುಗ ಪಕ್ಕದ ಸೀಟಿನಲ್ಲಿದ್ದಾನೆ, ಸಾಕ್ಷಿಗೆ ವಿಮಾನ ತುಂಬ ಜನ. ಹಾಗಾದರೆ ಏನು ಕೊರತೆ?

ಎದ್ದು ನಿಂತು ಹೇಳಿಬಿಟ್ಟೆ. ಬೆವರಿ, ಹಸಿದು, ಬೈದು ಸುಸ್ತಾದ ಜನ. ಇಡೀ ವಿಮಾನ ಒಮ್ಮೆಲೇ ಮದುವೆ ಮನೆಯಾಯಿತು. ಕಾಸರಗೋಡು ಕಡೆ ಮದ್ರಸ ಕಲಿಸುವ ಒಬ್ಬ ಉಸ್ತಾದರು ಹಿಂದಿನ ಸಾಲಿನಿಂದ ಟೋಪಿ ಸರಿಮಾಡಿಕೊಳ್ಳುತ್ತ ಬಂದರು. ಒಬ್ಬಳು ಬ್ಯಾಗ್ ಬಿಚ್ಚಿ ಚಾಕಲೇಟ್ ಹಂಚಿದಳು. ಪರಿಚಾರಕಿ ಕೂಡ, ಅವಳ ಹೆಸರು ರೋಸಲಿನ್, ಕುಲಶೇಖರದ ಹುಡುಗಿ, "ಅಂಕಲ್, ಮದುಮಗನಿಗೆ ಕೊನೆಯ ಜ್ಯೂಸ್ ಇಟ್ಟಿದ್ದೇನೆ" ಅಂದಳು.

ನಾನು ನಡುವಿನ ಓಣಿಯಲ್ಲಿ ನಿಂತು ಸೈದುವಿಗೆ ಫೋನ್ ಹಚ್ಚಿದೆ. "ಫೋನ್ ಹೆಣ್ಣುಮಕ್ಕಳ ಕೋಣೆಗೆ ಒಯ್ಯಿ. ಆ ಮೈಕನ್ನೂ ಹತ್ತಿರ ಹಿಡಿ, ಹಾಲಿನಲ್ಲಿ ಕಾದವರಿಗೂ ಕೇಳಲಿ" ಅಂದೆ. ನನ್ನ ಫೋನಿನ ಸ್ಪೀಕರನ್ನೂ ಒತ್ತಿದೆ. ಸಾಕ್ಷಿಗಳಿಗೆ ಕೇಳಬೇಕಲ್ಲ. ಯಾರೂ ಹೇಳಿಕೊಟ್ಟದ್ದಲ್ಲ. ಎರಡೂ ನನ್ನದೇ ಬುದ್ಧಿ.

"ಮಗಳೇ ಸಹಲಾ, ನಿನ್ನನ್ನು ಸಾಬಿತ್‌ಗೆ ನಿಕಾಹ್ ಮಾಡಿಕೊಡ್ತಿದ್ದೇನೆ. ಒಪ್ಪಿಗೆಯಾ?"

ಏನೂ ಇಲ್ಲ. ಫ್ಯಾನಿನ ಶಬ್ದ. ದೂರದಲ್ಲಿ ಪಾತ್ರೆಯ ಶಬ್ದ.

"ಆಯ್ತು, ಒಪ್ಪಿಗೆ ಸಿಕ್ಕಿತು" ಅಂದೆ. ಉಸ್ತಾದರು ಗಂಟಲು ಸರಿಮಾಡಿದರು. ನಾನು ಬಲಗೈ ಚಾಚಿದೆ, ಅಂಗಿಯ ಕಂಕುಳು ಹರಿದದ್ದು ಆಗಲೇ. ಸಾಬಿತ್ ಕೈ ಕೊಡಲಿಲ್ಲ.

"ಮಾವ, ಲೈನ್ ಹೋಗಿದೆಯೋ ನೋಡಿ."

"ಹೋಗಿಲ್ಲ ಮಾರಾಯ, ನಾಚಿಕೆ ಅದು."

"ಎದುರಲ್ಲಿ ಕೂತಿದ್ದರೆ ನಾಚಿಕೆ ಅಂತ ಗೊತ್ತಾಗ್ತದೆ. ಫೋನಲ್ಲಿ ಹೇಗೆ ಗೊತ್ತಾಗುವುದು? ಇನ್ನೊಮ್ಮೆ ಕೇಳಿ."

ಒಂಬತ್ತು ಮಾತಿನ ಹುಡುಗ, ಅಲ್ಲಿ ಬಾಯಿ ಬಿಟ್ಟ. ಸುತ್ತಲಿನವರು ನಕ್ಕರು, "ಮದುಮಗನಿಗೆ ಸ್ವರ ಕೇಳುವ ಆಸೆ" ಅಂದರು. ನಾನೂ ನಗುತ್ತಲೇ ಕೇಳಿದೆ.

"ಮಗಳೇ, ಕೇಳ್ತದಾ? ಬಾಯಿಬಿಟ್ಟೇ ಹೇಳು, ನಿನ್ನ ಗಂಡನಾಗುವವನಿಗೆ ಕೇಳಬೇಕಂತೆ."

"ಕೇಳ್ತದೆ ಬಾಪಾ. ಬೇಡ."

ಅಷ್ಟು ಸ್ಪಷ್ಟ ಸ್ವರ. ಮೈಕ್ ಒಳ್ಳೆಯದನ್ನೇ ತರಿಸಿದ್ದ ಸೈದು.

"ಏನು ಬೇಡ?"

"ಅವರು ಕೆಟ್ಟವರು ಅಂತ ಅಲ್ಲ. ನಾಲ್ಕೂವರೆ ಗಂಟೆ ದೂರದ ಗಂಡ ನನಗೆ ಬೇಡ. ಉಮ್ಮನಿಗೆ ಮದುವೆಯಾಗಿ ಇಪ್ಪತ್ತೈದು ವರ್ಷ, ನೀವು ಮನೆಯಲ್ಲಿ ಇದ್ದದ್ದು ಎಲ್ಲ ಕೂಡಿಸಿದರೆ ಎರಡು ವರ್ಷ ಆಗುವುದಿಲ್ಲ. ಲೆಕ್ಕ ನಿಮ್ಮಿಂದಲೇ ಕಲಿತದ್ದು. ಇದನ್ನೇ ಕೂತು ಹೇಳಬೇಕಂತ ಇದ್ದೆ. ನೀವು ಬರಲಿಲ್ಲ."

ನಾನು ಏನೋ ಹೇಳಲು ಬಾಯಿ ತೆರೆದೆ. ಏನೂ ಬರಲಿಲ್ಲ. ಐವತ್ತನಾಲ್ಕು ವರ್ಷದಲ್ಲಿ ಮೊದಲ ಸಲ. ಕುವೈತಿನ ಪೊಲೀಸನ ಎದುರು ಬಂದ ನಾಲಿಗೆ, ಇರಾಕಿ ಸಿಪಾಯಿಯ ಎದುರೂ ಬಂದ ನಾಲಿಗೆ.

ವಿಮಾನದಲ್ಲಿ ಚಾಕಲೇಟಿನ ಕಾಗದ ಬಿಚ್ಚುತ್ತಿದ್ದವರು ಅರ್ಧಕ್ಕೆ ನಿಲ್ಲಿಸಿದರು. ಆ ಕಡೆ ಸೈದುವಿನ ಸ್ವರ, "ಮೈಕ್ ಬಂದ್ ಮಾಡೋ, ಬಂದ್ ಮಾಡೋ." ಉಸ್ತಾದರು ನನ್ನ ಹೆಗಲ ಮೇಲೆ ಕೈ ಇಟ್ಟರು. "ಕೇಳಿದ್ದು ಒಳ್ಳೆಯದಾಯಿತು. ಕೇಳದೆ ಓದಿದ್ದರೆ ನನ್ನ ತಲೆಯ ಮೇಲೂ ಬರುತ್ತಿತ್ತು" ಅಂದು ಹಿಂದಿನ ಸಾಲಿಗೆ ಹೋದರು.

ಸಾಬಿತ್ ಕಿಟಕಿಯ ಕಡೆ ನೋಡುತ್ತಿದ್ದ. ಹೊರಗೆ ರನ್‌ವೇ ಬಿಟ್ಟರೆ ಏನಿಲ್ಲ. "ಅವರು ಹೇಳಿದ್ದರಲ್ಲಿ ತಪ್ಪು ಹುಡುಕ್ತಾ ಇದ್ದೇನೆ. ಸಿಗ್ತಾ ಇಲ್ಲ" ಅಂದ. ಬೂಟಿನ ಲೇಸು ಬಿಚ್ಚಿ, ಕಾಲು ಹೊರಗೆ ತೆಗೆದ.

ಮಂಗಳೂರಿಗೆ ಇಳಿದದ್ದು ಎರಡೂವರೆಗೆ. ಹಾಲಿಗೆ ಹೋದರೆ ಎಲೆ ಎತ್ತುತ್ತಿದ್ದರು. ಮುನ್ನೂರು ಜನವೂ ಉಂಡು ಹೋಗಿದ್ದರು. ಬಡಿಸಿದ್ದು ಆಚುಮ್ಮ.

ಎಂತ ಹೇಳಿ ಬಡಿಸಿದೆ ಅಂತ ಅವಳ ಕಡೆ ಹುಬ್ಬು ಏರಿಸಿದೆ.

"ಮದುವೆ ಇಲ್ಲದಿದ್ದರೆ ಜನಕ್ಕೆ ಹಸಿವಿಲ್ಲವಾ ಅಂದೆ. ನಿಮಗೂ ತೆಗೆದಿಟ್ಟಿದ್ದೇನೆ. ಆ ಹುಡುಗನನ್ನು ಎಲ್ಲಿ ಬಿಟ್ಟಿರಿ? ಅವನೂ ಬರಲಿ, ಬೆಳಗ್ಗಿನಿಂದ ಹಸಿದಿರಬೇಕು."

ನಿನಗೆ ಮೊದಲೇ ಗೊತ್ತಿತ್ತಾ ಅಂತ ಕೇಳಿದೆ. ಕೇಳಿದ್ದಲ್ಲ, ಸ್ವರ ಇರಲಿಲ್ಲ, ಕೈಸನ್ನೆ.

"ಅವಳು ಹೇಳ್ತಾಳೆ ಅಂತ ಗೊತ್ತಿರಲಿಲ್ಲ" ಅಂದಳು. "ನನ್ನ ಮದುವೆಯಲ್ಲಿ ನಾನು ಹೇಳಲಿಲ್ಲವಲ್ಲ."

ಆಗಸ್ಟ್ 27, ಮಂಗಳವಾರ

ನಫೀಸಮ್ಮ ಬಂದಿದ್ದರು, ಸಾಬಿತ್‌ನನ್ನು ಕರೆದುಕೊಂಡು, ಬಳೆ ವಾಪಸು ತೆಗೆದುಕೊಂಡು ಹೋಗಲು. ಒಳಗೆ ಕಾಲಿಡದೆ ಜಗಲಿಯಲ್ಲೇ ನಿಂತರು.

"ಮೈಕಿನಲ್ಲಿ ಮಾನ ತೆಗೆದಿರಿ ಉಮ್ಮರಬ್ಬ. ನನ್ನ ಮಗ ಎಂತ ಕುಂಟನಾ, ಕುರುಡನಾ?"

ಯಾವಾಗಿನ ನಾನಾದರೆ ಇದಕ್ಕೆ ಮೂರು ಉತ್ತರ ಇತ್ತು. ಗಂಟಲಲ್ಲಿ ಗಾಳಿ ಮಾತ್ರ. ಕುರ್ಚಿ ಎಳೆದು ಕೊಟ್ಟೆ. ಅವರು ಕೂರಲಿಲ್ಲ. ಕೂರಲಿಲ್ಲವೆಂದು ಅಲ್ಲೇ ನಿಂತೆ. ಅವರು ಬೈದರು, ಮತ್ತೆ ಬೈದರು, ಆಮೇಲೆ ಅತ್ತರು. "ನನಗೂ ಅಷ್ಟೇ ಅಲ್ಲವಾ, ಇವನ ಬಾಪ ಜಿದ್ದಾದಿಂದ ಬಂದದ್ದು ಪೆಟ್ಟಿಗೆಯಲ್ಲಿ" ಅಂದರು. ಆಮೇಲೆ ಕೂತರು. ಹೋಗುವಾಗ ಅವರು, "ಮಾತಾಡಲು ನಿಮ್ಮ ಹತ್ತಿರ ಬಂದದ್ದು ಒಳ್ಳೆಯದಾಯಿತು" ಅಂದದ್ದು ಏನೆಂದು ನನಗೆ ಅರ್ಥವಾಗಿಲ್ಲ.

ಅಷ್ಟರಲ್ಲಿ ಸಹಲಾ ಹೊರಗೆ ಬಂದಳು. ಬಳೆಯ ಡಬ್ಬಿಯನ್ನು ಸಾಬಿತ್‌ನ ಕೈಗೇ ಕೊಟ್ಟಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ದು ಅದೇ ಎರಡನೆಯ ಸಲ.

"ವಿಮಾನದಲ್ಲಿ ಎರಡನೇ ಸಲ ಕೇಳಿ ಅಂದದ್ದು ನೀವಾ?"

"ಹೌದು."

"ಕೇಳದಿದ್ದರೆ ನನಗೆ ಹೇಳಲು ಆಗುತ್ತಿರಲಿಲ್ಲ."

ಸಾಬಿತ್ ಡಬ್ಬಿ ತಿರುಗಿಸುತ್ತ ನಿಂತ. "ಊರಲ್ಲೇ ಕೆಲಸ ಸಿಕ್ಕಿದರೆ? ಅಥವಾ ನಿಮ್ಮನ್ನು ಅಲ್ಲಿಗೆ ಕರೆಸುವಷ್ಟು ಸಂಬಳವಾದರೆ?"

"ಎರಡರಲ್ಲಿ ಒಂದು ಆದ ದಿನ ನೀವೇ ಫೋನ್ ಮಾಡಿ. ಬಾಪನ ಮೂಲಕ ಬೇಡ." ಅವನ ಫೋನ್ ತೆಗೆದುಕೊಂಡು ತಾನೇ ನಂಬರು ಒತ್ತಿ ಕೊಟ್ಟಳು. "ಕಾಯ್ತೇನೆ ಅಂತ ಹೇಳ್ತಾ ಇಲ್ಲ. ಫೋನ್ ಎತ್ತುತ್ತೇನೆ, ಅಷ್ಟೇ."

ಹೊರಡುವಾಗ ಅವನು ನನ್ನ ಕಡೆ ತಿರುಗಿ "ಬರ್ತೇನೆ, ಉಮ್ಮರಾಕ" ಅಂದ. ಮಾವ ಅಲ್ಲ, ಉಮ್ಮರಾಕ.

ಆಗಸ್ಟ್ 28

ಇವತ್ತು ವಾಪಸು ಹೋಗಬೇಕಿತ್ತು. ಗಂಟಲಿನ ಕಾರಣ ಟಿಕೇಟು ಮುಂದೆ ಹಾಕಿದೆ. ಕಫೀಲ್ ಫೋನಿನಲ್ಲಿ ಕೂಗಿದ. ತಿರುಗಿ ಕೂಗಲು ಆಗಲಿಲ್ಲ, ಅವನೇ ಸುಮ್ಮನಾದ.

ಸೆಪ್ಟೆಂಬರ್ 3

ಚಹಾಕ್ಕೆ ಸಕ್ಕರೆ ಹುಡುಕಿದೆ. ನಾಲ್ಕು ಡಬ್ಬಿ ತೆಗೆದೆ, ನಾಲ್ಕರಲ್ಲೂ ಬೇರೆ ಏನೋ. ಸಹಲಾ ಬಂದು ಕಿಟಕಿಯ ಮೇಲಿನ ಐದನೆಯದನ್ನು ತೋರಿಸಿದಳು. ನನ್ನದೇ ಮನೆ, ನಾನು ಕಳಿಸಿದ ದುಡ್ಡಿನಲ್ಲಿ ಕಟ್ಟಿದ್ದು. ಮೆಟ್ಟಿಲಿನ ಲೈಟಿನ ಸ್ವಿಚ್ ಎಲ್ಲಿ ಉಂಟೆಂದು ಕೇಳಿ ತಿಳಿದುಕೊಂಡೆ.

ಮಧ್ಯಾಹ್ನ ಅವಳು ಕಾಲೇಜಿನ ಕಥೆ ಹೇಳಿದಳು. ಉದ್ದದ ಕಥೆ. ನಡುವೆ ಬಾಯಿ ಹಾಕಲು ಗಂಟಲು ಬಿಡಲಿಲ್ಲ.

ಸೆಪ್ಟೆಂಬರ್ 11, ಬುಧವಾರ. ಅಬ್ಬಾಸಿಯಾ

ಬೆಳಿಗ್ಗೆ ಆರಕ್ಕೆ ಹೊರಟು ಎಂಟಕ್ಕೆ ಇಳಿದೆ. ಎರಡೇ ಗಂಟೆ. ಮನೆಯಿಂದ ಹೊರಡುವಾಗ ಬಾಗಿಲಲ್ಲಿ ಆಚುಮ್ಮ ತಮಾಷೆ ಮಾಡುತ್ತಾಳೆಂದು ಕಾದೆ. ಮಾಡಲಿಲ್ಲ. ಕೊಡೆ ಕೊಟ್ಟಳು. "ಅಲ್ಲಿ ಮಳೆ ಇಲ್ಲ" ಅಂದೆ. "ಇಲ್ಲಿ ಉಂಟಲ್ಲ, ಕಾರಿನವರೆಗೆ" ಅಂದಳು.

ವಿಮಾನದಲ್ಲಿ ಅದನ್ನೇ ಯೋಚಿಸುತ್ತ ಬಂದೆ. ಕೊಡೆ ಈಗ ಇಲ್ಲೇ ಉಂಟು, ಗೋಡೆಗೆ ಒರಗಿಸಿ. ಕುವೈತಿನಲ್ಲಿ ಕೊಡೆ ಇಟ್ಟುಕೊಂಡವನು ನಾನೊಬ್ಬನೇ ಇರಬೇಕು.

ಸೆಪ್ಟೆಂಬರ್ 12, ಗುರುವಾರ

ಕೌಂಟರಿನಲ್ಲಿ ಒಬ್ಬ ಹೊಸ ಹುಡುಗ, ಬಂಟ್ವಾಳದವನು. "ಉಮ್ಮರಾಕ, ಮಂಗಳೂರಿಗೆ ಎಷ್ಟು ಹೊತ್ತಾಗ್ತದೆ?"

ಬೋರ್ಡಿನ ಕಡೆ ಕೈ ಎತ್ತಿದೆ. ಎತ್ತಿದ ಕೈ ಹಾಗೇ ನಿಂತಿತು.

"ಹೋಗಿ ಎಷ್ಟು ಸಮಯ ಆಯ್ತು?"

"ಮೂರು ವರ್ಷ."

"ಹಾಗಾದರೆ ಮೂರು ವರ್ಷ ನಾಲ್ಕೂವರೆ ಗಂಟೆ" ಅಂದೆ. ಅವನು ನಕ್ಕ. ನಾನು ತಮಾಷೆ ಮಾಡಿರಲಿಲ್ಲ. ಮನೆಯಲ್ಲಿ ಯಾರ್ಯಾರಿದ್ದಾರೆ ಅಂತ ಕೇಳಿದೆ. ಹೇಳಲು ಅರ್ಧ ಗಂಟೆ ತೆಗೆದುಕೊಂಡ, ಹಿಂದೆ ಸಾಲು ಬೆಳೆಯಿತು. ಬೋರ್ಡು ಇಳಿಸಿದೆ. ಹಗ್ಗ ಸವೆದಿತ್ತು, ಹೇಗೂ ಬೀಳುತ್ತಿತ್ತು.

ಸಂಜೆ ರಾಯಪ್ಪನ ಫೋನ್ ಹುಬ್ಬಳ್ಳಿಯಿಂದ. ಹೆಣ್ಣುಮಗು. ತಾಯಿ ಮಗು ಆರಾಮ. ನೀಲಕ್ಕ ಫೋನ್ ಕಸಿದುಕೊಂಡಳು. "ಅಣ್ಣಾರ, ಮದುವಿ ಛಲೋ ಆತೇನ್ರೀ?"

"ಊಟ ಛಲೋ ಆಯ್ತು ತಂಗಿ" ಅಂದೆ.

"ಹಂಗಂದ್ರ?"

ಎಲ್ಲ ಹೇಳಿದೆ. "ಲೈನ್ ಉಂಟಾ?" ಕೇಳಿದೆ.

"ಐತ್ರೀ. ಅಳಾಕತ್ತೀನಿ. ನಿಮ್ಮ ಸೀಟಿನಾಗ ಬಂದ್ವಲ್ರೀ ನಾವು."

ಸೀಟು ಮಾರಿದವನು ನಾನು, ಅಳುವವಳು ಅವಳು. ಇದು ಯಾವ ಲೆಕ್ಕ?

ಸೆಪ್ಟೆಂಬರ್ 13, ಶುಕ್ರವಾರ

ಮೊದಲ ಪುಟ ಬರೆದಾಯಿತು. ಇನ್ನು ಯಾರಿಗೆ ಏನು ಬಂತೆಂದು ಬರೆದು ಮುಚ್ಚುತ್ತೇನೆ.

ರಾಯಪ್ಪ, ನೀಲಕ್ಕನಿಗೆ: ಒಂದು ಹೆಣ್ಣುಮಗು, ತವರಿನಲ್ಲಿ.

ಕಫೀಲ್‌ಗೆ: ಐವತ್ತು ಟಿಕೇಟು.

ಮುನ್ನೂರು ಜನರಿಗೆ: ಊಟ, ಮತ್ತೆ ಒಂದು ವರ್ಷಕ್ಕೆ ಸಾಕಾಗುವಷ್ಟು ಮಾತು.

ನಫೀಸಮ್ಮನಿಗೆ: ಬಳೆ, ಒಂದು ಡಬ್ಬಿ, ವಾಪಸು.

ಸಾಬಿತ್‌ಗೆ: ಒಂದು ನಂಬರು. ಅವಳೇ ಕೊಟ್ಟದ್ದು.

ಸಹಲಾಳಿಗೆ: ಅವಳು ಹೇಳಿದ ಮಾತು.

ಆಚುಮ್ಮಳಿಗೆ: ನಾನು ಮನೆಯಲ್ಲಿದ್ದ ಹದಿನೇಳು ದಿನ.

ನನಗೆ: ಒಂದು ಕೊಡೆ. ಡಿಸೆಂಬರಿನಲ್ಲಿ ಊರಿಗೆ ಒಂದು ಸೀಟು, ಹೋಗಲಿಕ್ಕೆ ಮಾತ್ರ.